ಮುಗದದ ಕುಬಸಕ್ಕೆ ಬ್ಯಾಟರಿ ಕಾರಿನಲ್ಲಿ

ಈ ಪ್ರಯಾಣವನ್ನು ಬರೆಯಬೇಕೆಂದು ಎರಡು ವರ್ಷದಿಂದ ಅಂದುಕೊಂಡು ಮುಂದಕ್ಕೆ ಹಾಕುತ್ತಲೇ ಬಂದೆ. ಕಾಶಿಗೆ ಹೋಗಿ ಬಂದದ್ದನ್ನು ಬರೆದೆ, ಶ್ರೀಶೈಲಕ್ಕೆ ಹೋಗಿ ಬಂದದ್ದನ್ನೂ ಬರೆದೆ. ಹುಬ್ಬಳ್ಳಿಯಿಂದ ಮುಗದಕ್ಕೆ ಮೂವತ್ತೈದು ಕಿಲೋಮೀಟರ್ ಆಗಬಹುದು. ಅದನ್ನು ಬರೆಯಲು ಮಾತ್ರ ಕೈ ಏಳಲಿಲ್ಲ. ನಾನು ಮೆಟ್ರಿಕ್ ತನಕ ಓದಿ ಹತ್ತಿ ವ್ಯಾಪಾರದಲ್ಲಿ ಮುದುಕನಾದವ. ಚಂದಗಾಣಿಸಿ ಬರೆಯಲು ಬಾರದು. ನಡೆದದ್ದು ಇಷ್ಟು.

ಆ ವರ್ಷ ನಾನೊಂದು ಹಳೆಯ ಬ್ಯಾಟರಿ ಕಾರು ಕೊಂಡಿದ್ದೆ. ಕೊಟ್ಟವನು ಮುಗದದ ಟೇಲರ್. ಹೊಲಿದ ಬಟ್ಟೆಗಳನ್ನು ಧಾರವಾಡದ ಅಂಗಡಿಗಳಿಗೆ ಮುಟ್ಟಿಸಲು ಇಟ್ಟುಕೊಂಡಿದ್ದ ಗಾಡಿ. ಮೊದಲ ಎರಡು ತಿಂಗಳು ಛಲೋ ಓಡಿತು. ನಮ್ಮ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ಗಾಡಿ ಪೂಜೆ ತಪ್ಪಿದ್ದಿಲ್ಲ. ಹಳೆಯ ಪೆಟ್ರೋಲ್ ಕಾರಿಗೆ ಬಾನೆಟ್ ಮೇಲೆ ವಿಭೂತಿ ಹಚ್ಚುತ್ತಿದ್ದೆ. ಇದಕ್ಕೆ ಎಂಜಿನ್ನೇ ಇಲ್ಲ. ಮುಂದಿನ ಮೂತಿಯಲ್ಲಿ ಒಂದು ಮುಚ್ಚಳ, ಅದರೊಳಗೆ ಚಾರ್ಜಿನ ಪಿನ್ನುಗಳು. ಉಣ್ಣುವ ಬಾಯಿ ಇದೇ ಅಲ್ಲವೇ ಎಂದು ಅಲ್ಲಿಯೇ ಪೂಜೆ ಮಾಡುತ್ತಿದ್ದೆ.

ನನ್ನ ಹೆಂಡತಿ ಗಿರಿಜಾಳ ತಂಗಿಯ ಮಗಳು ಏಳು ತಿಂಗಳ ಬಸುರಿ. ಮುಗದದಲ್ಲಿ ಅವಳಿಗೆ ಹಸಿರು ಸೀರೆ ಉಡಿಸಿ ಕುಬಸ ತೊಡಿಸುವ ಕಾರ್ಯ. ಏಪ್ರಿಲ್ ತಿಂಗಳು. ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಗಾಡಿ ಅರ್ಧದಷ್ಟೂ ತುಂಬಿರಲಿಲ್ಲ. ಆ ವಾರ ಹೀಗಾದದ್ದು ಅದೇ ಮೊದಲಲ್ಲ.

"ಬಸ್ಸಿಗೆ ಹೋಗೂಣ ನಡೀರಿ," ಎಂದಳು ಗಿರಿಜಾ.

"ಕಾರ್ ಮನಿ ಮುಂದ ನಿಲ್ಲಿಸಿ ಬಸ್ಸಿಗೆ ಹೋದ್ರ ನಿನ್ನ ತಂಗಿ ಗಂಡ ನಗ್ತಾನ," ಎಂದೆ.

ಹಿಂದಿನ ಸೀಟಿನಲ್ಲಿ ಹೂರಣದ ಹೋಳಿಗೆ, ಬಳೆ, ಹಸಿರು ಸೀರೆಯ ಬುಟ್ಟಿ ಇಟ್ಟುಕೊಂಡು ಹೊರಟೆವು. ಉಣಕಲ್ ದಾಟುವಷ್ಟರಲ್ಲಿ ಎ.ಸಿ. ಬಂದ್ ಮಾಡಿದೆ. ಕಿಟಕಿ ಇಳಿಸಿದರೆ ಬೆಂಕಿಯಂಥ ಗಾಳಿ. ಗಿರಿಜಾ ಸೆರಗಿನಿಂದ ಮುಖ ಮುಚ್ಚಿಕೊಂಡು ಹೋಳಿಗೆ ಡಬ್ಬಿಯ ಮೇಲೆ ಟವೆಲ್ ಹೊದಿಸಿದಳು. ಲಾರಿಗಳು ಹಾರ್ನ್ ಹೊಡೆಯುತ್ತ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ನನ್ನ ಕಣ್ಣು ದಾರಿಗಿಂತ ಬ್ಯಾಟರಿಯ ಗೆರೆಯ ಮೇಲೆಯೇ ಹೆಚ್ಚು.

ರಾಯಾಪುರದಲ್ಲಿ ಚಾರ್ಜಿನ ಜಾಗವಿದೆ. ಚಾರ್ಜಿನ ಗನ್ ತೆಗೆದು ಗಾಡಿಯ ಮೂತಿಗೆ ಚುಚ್ಚಿದೆ. ಕೆಂಪು ದೀಪ. ತೆಗೆದು ಮತ್ತೆ ಚುಚ್ಚಿದೆ. ಕೆಂಪು. ಪಕ್ಕದ ಗನ್ನಿನಲ್ಲಿಯೂ ಅದೇ ಹಾಡು. ಅಲ್ಲಿ ತನ್ನ ಗಾಡಿಗೆ ಚಾರ್ಜ್ ಹಾಕಿ, ನೆರಳಲ್ಲಿ ಮಂಡಕ್ಕಿ ತಿನ್ನುತ್ತ ಕೂತಿದ್ದ ಟ್ಯಾಕ್ಸಿಯವನು ಕೂತಲ್ಲಿಂದಲೇ ಕೂಗಿದ.

"ಕಾಕಾ, ಸೆಕೆಂಡ್ ಹ್ಯಾಂಡ್ ತಗೊಂಡ್ರೇನ್ರಿ?"

"ಹೌದಪಾ."

"ಛಲೋ ಟೋಪಿ ಹಾಕ್ಯಾರ ಬಿಡ್ರಿ. ತಲಿಗೂ ಸರೀ ಕುಂತೇತಿ!"

ಅವನೇನೋ ನಗೆಯಾಡಿದ. ನನ್ನ ಎದೆಯಲ್ಲಿ ಅದು ಮುಳ್ಳಾಗಿ ನಟ್ಟಿತು. ಪಿನ್ನುಗಳ ನಡುವೆ ಬಿಳಿ ವಿಭೂತಿ ಗಟ್ಟಿ ಕಟ್ಟಿತ್ತು, ಅದರ ಮೇಲೆ ಕುಂಕುಮ, ತೆಂಗಿನ ನೀರು ಒಣಗಿದ ಅಂಟು. ಅದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ಹೊಲಸಾಗಿ ಮಾತ್ರ ಕಾಣಲಿಲ್ಲ. ದೇವರದು ಹೊಲಸಾಗಿ ಹೇಗೆ ಕಂಡೀತು?

ಧಾರವಾಡ ದಾಟಿ ಮುಗದದ ದಾರಿ ಹಿಡಿದಾಗ ಚಾರ್ಜ್ ಮುಗಿಯುತ್ತ ಬಂತೆಂದು ಗಾಡಿ ಗಂಟೆ ಬಾರಿಸತೊಡಗಿತು. ಏರು ಬಂದಲ್ಲೆಲ್ಲ ಎತ್ತಿನ ಗಾಡಿಯ ನಡಿಗೆ. ಒಂದು ಕಡೆ ಗಿರಿಜಾ ಇಳಿದು ನಡೆಯುತ್ತೇನೆಂದಳು. ನಾನು ಬೈದೆ. ಅವಳ ಮೇಲಿನ ಸಿಟ್ಟಲ್ಲ ಅದು. ಆ ಟೇಲರನಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಬಂದಿದ್ದೆ.

ಮುಟ್ಟಿದಾಗ ಉಡಿ ತುಂಬುವ ಕಾರ್ಯ ಮುಗಿದೇ ಹೋಗಿತ್ತು. ಗಿರಿಜಾ ಬುಟ್ಟಿ ಹಿಡಿದುಕೊಂಡೇ ಅಳುಮೋರೆ ಮಾಡಿ ಒಳಗೆ ಹೋದಳು. ಹಂದರದಲ್ಲಿ ಪಂಕ್ತಿ ಕೂತಿತ್ತು. ಕಾರು ಕೊಟ್ಟವನೂ ಪಂಕ್ತಿಯಲ್ಲಿದ್ದ. ಹುಡುಗಿ ತೊಟ್ಟ ಕುಬಸ ಹೊಲಿದವನು ಅವನೇ. ಅದಕ್ಕೆಂದೇ ಮನೆಯವರು ಕರೆದು ಕೂರಿಸಿದ್ದರು.

"ಏಳೋ ಮ್ಯಾಲೆ," ಎಂದೆ. "ಎಂಥಾ ಗಾಡಿ ಕಟ್ಟಿದಿ ನನ್ನ ಕೊರಳಿಗೆ?"

ಅವನು ತಲೆಯೆತ್ತಿ ನೋಡಿದ. "ಕಾಕಾ, ಯಾವಾಗ ಬಂದ್ರಿ? ಎರಡ ತುತ್ತು ಉಳದಾವ್ರಿ, ಉಂಡು ಬರ್ತೇನಿ."

"ಮಂದಿಗೆ ಟೋಪಿ ಹಾಕಿ ಹೋಳಿಗಿ ಉಣ್ಣಾಕ ಕುಂತಿಯೇನು? ಏಳು ಅಂದ್ರ ಏಳು!"

ನಮ್ಮ ಕಡೆ ಎಲೆಯ ಮುಂದೆ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ. ಜಗಳಕ್ಕೆ ಬಂದವನು ಕೂಡ ಅವರು ಕೈ ತೊಳೆಯುವ ತನಕ ಕಟ್ಟೆಯ ಮೇಲೆ ಕಾಯುತ್ತಾನೆ. ನಾನು ಎಬ್ಬಿಸಿದೆ. ಪಂಕ್ತಿಯ ಕೈಗಳೆಲ್ಲ ನಿಂತವು. ಬಡಿಸುವವರು ಸೌಟು ಹಿಡಿದು ಹಾಗೆಯೇ ನಿಂತರು.

ಅವನು ಬಂದ. ಬಲಗೈಗೆ ಹೋಳಿಗೆ ತುಪ್ಪ ಅಂಟಿತ್ತು. ಅದನ್ನು ಮೈಗೆ ತಾಗದ ಹಾಗೆ ದೂರ ಹಿಡಿದು ಎಡಗೈಯಿಂದ ಗಾಡಿಯ ಮುಚ್ಚಳ ತೆರೆದ. ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಹಿಂದೆ ಮಂದಿ ಸೇರಿದ್ದರು.

"ಏನ್ ಹಾಳ ಮಾಡಿ ಕೊಟ್ಟಿಯೋ ಟೇಲರ್? ಬಾಯಿ ಬಿಡು," ಎಂದ ಒಬ್ಬ.

"ಬಾಯಾಗ ಹೋಳಿಗಿ ಐತಿ, ಹೆಂಗ ಬಿಡ್ತಾನ?" ಎಂದ ಇನ್ನೊಬ್ಬ. ನಕ್ಕರು.

ಅವನು ನನ್ನ ಹಣೆಯ ವಿಭೂತಿ ನೋಡಿದ, ಮಂದಿಯನ್ನು ನೋಡಿದ. ಮುಚ್ಚಳ ಹಾಕಿದ.

"ತಪ್ಪು ನಂದ ಐತ್ರಿ ಕಾಕಾ. ನೋಡಿ ಕೊಡಬೇಕಿತ್ತು. ಮನಿಗೆ ಒಯ್ದು ಸರಿ ಮಾಡಿ ತರ್ತೇನಿ, ನೀವು ಉಣ್ರಿ."

ನಾನು ಮಂದಿಯ ಕಡೆ ತಿರುಗಿ, "ಕೇಳಿದ್ರಿಲ್ಲೋ? ಒಪ್ಪಿಕೊಂಡ," ಎಂದೆ. ಆಮೇಲೆ ಕೂತು ಹೊಟ್ಟೆ ತುಂಬ ಉಂಡೆ. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ. ಎಲೆಯಡಿಕೆ ಹಾಕಿಕೊಂಡು, ಬಂದವರಿಗೆಲ್ಲ ರಾಯಾಪುರದ ಕೆಂಪು ದೀಪದ ಕಥೆ ಹೇಳಿದೆ.

ಹೊತ್ತು ಇಳಿಯುವಾಗ ಅವನು ಗಾಡಿ ತಂದು ನಿಲ್ಲಿಸಿದ. ಮನೆಯ ಪ್ಲಗ್ಗಿಗೆ ಹಾಕಿ ಒಂದಿಷ್ಟು ಚಾರ್ಜ್ ಮಾಡಿದ್ದ. "ಸಣ್ಣ ದೋಷ ಇತ್ರಿ, ತಗದೇನಿ. ರಾಯಾಪುರದಾಗ ಪೂರಾ ತುಂಬಿಸಿಕೊಳ್ರಿ," ಎಂದ. ಗಿರಿಜಾಳ ತಂಗಿ ಊಟಕ್ಕೆ ಮತ್ತೆ ಕರೆದಳು. "ಹೊಟ್ಟಿ ತುಂಬೇತ್ರಿ ಅಕ್ಕಾ," ಎಂದು ಹೋಗಿಬಿಟ್ಟ.

ರಾಯಾಪುರದಲ್ಲಿ ಗನ್ ಚುಚ್ಚಿದೊಡನೆ ಹಸಿರು ದೀಪ. ಗಿರಿಜಾ ಇಳಿದು ಬಂದು ಬಗ್ಗಿ ನೋಡಿದಳು.

"ರೀ, ಒಳಗಿನ ವಿಭೂತಿ ಎಲ್ಲಿ ಹೋತು?"

ಪಿನ್ನುಗಳ ಸುತ್ತ ಒರೆಸಿದ್ದ. ಸಂದಿಯಲ್ಲಿದ್ದದ್ದನ್ನೂ ಕೆದಕಿ ತೆಗೆದಿದ್ದ. ಮುಚ್ಚಳದ ಒಳಮೈಯ ಮೇಲೆ ನಾನು ಎಳೆದಿದ್ದ ಮೂರು ಬೆರಳಿನ ಪಟ್ಟೆ ಮಾತ್ರ ಇದ್ದ ಹಾಗೆಯೇ ಇತ್ತು. ಅದರ ಒಂದು ಪುಡಿಯೂ ಉದುರಿರಲಿಲ್ಲ.

"ಕೆಡಿಸಿದ್ದು ನಾವ ರೀ," ಎಂದಳು. "ಅವಾ ಅದನ್ನ ನೋಡಿದ. ನೋಡಿ ಸುಮ್ಮನಾದ."

ದೇವರ ವಿಭೂತಿಯಿಂದ ಗಾಡಿ ಕೆಟ್ಟಿತು ಎಂಬ ಮಾತು, ಆ ಮಂದಿಯ ನಡುವೆ, ಒಬ್ಬ ಸಾಬರವನ ಬಾಯಿಂದ ಬಂದಿದ್ದರೆ ಏನಾಗುತ್ತಿತ್ತೆಂದು ನನಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ನನಗೆ ನಾಚಿಕೆಯಾಗಬಾರದೆಂದು ಸುಮ್ಮನಾದನೋ, ಅಂಜಿ ಸುಮ್ಮನಾದನೋ ಹೇಳಲಾರೆ. ಎರಡಕ್ಕೂ ಕಾರಣ ನಾನೇ.

"ತಿರಗಸ್ರಿ ಗಾಡಿ," ಎಂದಳು ಗಿರಿಜಾ.

"ಕಾರ್ಯದ ಮನ್ಯಾಗ ಮತ್ತ ಯಾಕ ಗದ್ದಲ? ನಾಳಿ ಫೋನ್ ಮಾಡ್ತೇನಿ."

"ಎಬ್ಬಿಸಾಕ ನಾಳಿ ತನಕ ಕಾಯಲಿಲ್ಲ ನೀವು."

ಚಾರ್ಜ್ ತುಂಬಿತ್ತು. ಮುಗದಕ್ಕೆ ಹೋಗಿ ಮನೆಗೆ ಬರಲು ಸಾಕಾಗುವಷ್ಟಿತ್ತು. ನಾನು ಹುಬ್ಬಳ್ಳಿಯ ಕಡೆ ತಿರುಗಿಸಿದೆ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಗಿರಿಜಾ ಆ ರಾತ್ರಿ ಉಣ್ಣಲಿಲ್ಲ. ಮರುದಿನ ಫೋನ್ ಕೈಯಲ್ಲಿ ಹಿಡಿದೆ, ಇಟ್ಟೆ. ಆಮೇಲೆ ಹಿಡಿಯಲೂ ಇಲ್ಲ.

ಕೂಸಿನ ತೊಟ್ಟಿಲ ಕಾರ್ಯಕ್ಕೆ ಗಿರಿಜಾ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬಂದಳು. ಟೇಲರ್ ಬಂದಿರಲಿಲ್ಲವಂತೆ. ಅವನು ಊರ ಅಗಸಿ ಬಾಗಿಲ ಮುಂದೆ ಹಾದರೆ, "ಟೋಪಿ ಹೊಲಿಯಾಕ ಎಷ್ಟ ತಗೋತಿಯೋ?" ಎಂದು ಹುಡುಗರು ಕೇಳುತ್ತಾರಂತೆ. ಅಳತೆ ಕೊಟ್ಟಿದ್ದ ಕೆಲವರು ಬಟ್ಟೆ ವಾಪಸ್ ಒಯ್ದರಂತೆ. ಈಗಲೂ ಅವನು ಯಾರ ಮುಂದೆಯೂ ಖರೇ ಸಂಗತಿ ಬಿಚ್ಚಿಲ್ಲ. ಬಿಚ್ಚಬೇಕಾದವನು ನಾನು. ಅಂದು ಹಂದರದಲ್ಲಿ ನಕ್ಕವರು ಯಾರಾದರೂ ಇದನ್ನು ಓದಿದರೆ ತಿಳಿಯಲಿ. ಗಾಡಿಯಲ್ಲಿ ದೋಷವಿರಲಿಲ್ಲ. ಅವನು ನನಗೆ ಟೋಪಿ ಹಾಕಲಿಲ್ಲ. ಇಷ್ಟುದ್ದ ಬರೆದರೂ ಹೆಸರು ಬರೆಯಲು ಕೈ ಬಾರದೆ ಟೇಲರ್, ಕಾರು ಕೊಟ್ಟವನು ಎಂದೇ ಬರೆದುಕೊಂಡು ಬಂದೆ. ಉಣ್ಣುವ ಎಲೆಯಿಂದ ನಾನು ಎಬ್ಬಿಸಿದ, ಇಂದಿನ ತನಕ ತಪ್ಪಾಯಿತೆಂದು ನಾನು ಹೇಳದ ಆ ಮನುಷ್ಯ ಮುಗದದ ಮಾಬುಸಾಬ.