ಬಾವಿ ಪಕ್ಕದ ಮರದ ಹಣ್ಣು

ಒಂದೇ ಒಂದು ಮಾವಿನಹಣ್ಣು ನನಗೆ ಇಡೀ ತೋಪಿನ ಬೆಲೆಗೆ ಬಿತ್ತು. ಅದೂ ಹುಳಿ ಹಣ್ಣು! ಚೌಕಾಸಿ ಮಾಡಿಯೇ ಬದುಕು ಕಟ್ಟಿಕೊಂಡವನು ನಾನು. ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ನಾಲ್ಕು ಮಾತಾಡದೆ ಕೈ ಜೇಬಿಗೆ ಹೋಗುವುದಿಲ್ಲ. ಅಂಥವನು ಎಡವಿದ್ದು ಹೇಗೆ? ಹೇಳುತ್ತೇನೆ, ನೀವಾದರೂ ಬಚಾವಾಗಿ.

ಉಬ್ರಾಣಿ ಕಡೆ ರುದ್ರಮ್ಮನವರದೊಂದು ಮಾವಿನ ತೋಪಿದೆ. ನಾಲ್ಕು ವರ್ಷದಿಂದ ಖೇಣಿ ನನ್ನದೇ. (ಖೇಣಿ ಗೊತ್ತಲ್ಲ? ಕಾಯಿ ಮರದಲ್ಲಿರುವಾಗಲೇ ಫಸಲಿಗೆ ರೇಟು ಮಾತಾಡಿ, ಕಾಯುವುದು, ಕೀಳುವುದು ಎಲ್ಲ ನಾವೇ ನೋಡಿಕೊಳ್ಳುವುದು.) ಇರುವುದು ಹನ್ನೆರಡು ಮರ. ಪ್ರತಿ ವರ್ಷ ರುದ್ರಮ್ಮನ ಷರತ್ತು ಒಂದೇ.

"ಹನ್ನೊಂದು ನಿಂದು ತಮ್ಮಾ. ಬಾವಿ ಪಕ್ಕದ್ದು ಮಾತ್ರ ಮುಟ್ಟಬ್ಯಾಡ."

"ಯಾಕವ್ವಾ? ಅದಕ್ಕೂ ಒಂದು ರೇಟು ಹೇಳಿಬಿಡ್ರಿ."

"ಬ್ಯಾಡ ಅಂದ್ರೆ ಬ್ಯಾಡ."

ಆ ಮರಕ್ಕೆ ಬೇಲಿಯಿಲ್ಲ, ಕಾವಲಿಲ್ಲ. ಬರೀ ಮಾತು.

ಹೋದ ತಿಂಗಳು ಕೊನೆಯ ಕೊಯ್ಲು. ಹೆಂಡತಿ ಗಿರಿಜಾ ಜೊತೆಗಿದ್ದಳು. ಬಾವಿ ಕಟ್ಟೆ ಮೇಲೆ ಬುತ್ತಿ ಬಿಚ್ಚಿದೆವು. ನೆತ್ತಿಯ ಮೇಲೇ ಒಂದು ಹಣ್ಣು! ಹನ್ನೊಂದು ಮರದ ರುಚಿ ಗೊತ್ತು, ಇದೊಂದರದು ಗೊತ್ತಿಲ್ಲ ಎಂಬುದು ನಾಲ್ಕು ವರ್ಷದಿಂದ ಕೊರೆಯುತ್ತಿತ್ತು. ಹಣ್ಣು ಕೀಳುವ ದೋಟಿ ಅವಳ ಪಕ್ಕದಲ್ಲಿತ್ತು. "ಕೊಡೇ ಇಲ್ಲಿ" ಎಂದೆ. ಕೊಟ್ಟಳು. ("ಬ್ಯಾಡ ಕಣ್ರೀ" ಎಂದೂ ಅಂದಳು. ಇದನ್ನು ಬರೆಯಲೇಬೇಕೆಂದು ಅವಳ ಆಜ್ಞೆ.) ಕಿತ್ತೆ, ತಿಂದೆ.

ಸಂಜೆ ಮುಂದಿನ ವರ್ಷದ ಖೇಣಿ ಮಾತಾಡಲು ರುದ್ರಮ್ಮನ ಮನೆಗೆ ಹೋದೆವು. ಚಾ ಕೊಟ್ಟು ಅಂದರು: "ಬಾವಿ ಪಕ್ಕದ ಮರಾನೂ ಈ ಸಲ ನಿಂಗೇ ಸೇರಿಸಿ ಕೊಡಾನ ಅಂತಿದೀನಿ. ಹಣ್ಣು ಹೆಂಗೈತೋ ಏನೋ."

ಕೊಳ್ಳುವವನ ಬಾಯಿ ಅಲ್ಲವೇ? ಮಾಲಿನ ಹೆಸರೆತ್ತಿದರೆ ಸಾಕು, ರೇಟು ಇಳಿಸಲು ತಾನೇ ಹೀಗಳೆಯುತ್ತದೆ.

"ಅಯ್ಯೋ ಬಿಡವ್ವಾ, ಬರೀ ಹುಳಿ. ವಾಟೆನೇ ದಪ್ಪ, ತಿರುಳೇ ಇಲ್ಲ!"

ರುದ್ರಮ್ಮ ಲೋಟ ಕೆಳಗಿಟ್ಟರು. "ಹೌದಾ? ಯಾವಾಗ ತಿಂದೆ?"

"ಇವಳೇ ದೋಟಿ ಕೊಟ್ಟಿದ್ದು!" ಎಂದೆ.

ಗಿರಿಜಾ ನನ್ನತ್ತ ನೋಡಲೂ ಇಲ್ಲ. "ಹೌದವ್ವಾ, ಕೊಟ್ಟೆ. ಕೊಡಬಾರದಿತ್ತು. ತಪ್ಪಾತು."

"ಹಣ್ಣು ಹೋಗಿದ್ದಕ್ಕೆ ನಂಗೇನು ಬ್ಯಾಸರ ಇಲ್ಲ ತಮ್ಮಾ. ಮಂಡಿ ನೋವು, ತೋಪಿನ ತಂಕ ಬರಾಕೆ ಆಗಲ್ಲ. ನೀನು ಕೊಂಬೆ ಮುರಿದ್ಯೋ, ಎಳೆಕಾಯಿ ಬಡಿದ್ಯೋ, ನಾನೆಲ್ಲಿ ನೋಡಲಿ? ನೀನು ಎಂಥೋನು ಅಂತ ತಿಳಿಯಾಕೇ ಅದೊಂದು ಮರ ಬಿಟ್ಟಿದ್ದೆ." ಆಮೇಲೆ ಗಿರಿಜಾ ಕಡೆ ತಿರುಗಿದರು. "ಮುಂದಿನ ಖೇಣಿ ನಿನ್ ಹೆಸರಿಗೆ ಕಣವ್ವಾ. ಬೇಕಾದ್ರೆ ಇವನ್ನ ಬುಟ್ಟಿ ಹೊರಾಕೆ ಇಟ್ಕೋ."

ನಮ್ಮೂರು ಚನ್ನಗಿರಿಗೆ ಬಂದು ಪಕ್ಕದ ಮನೆಯ ಮೇರಿ ಟೀಚರ್ ಹತ್ತಿರ ಗೋಳು ತೋಡಿಕೊಂಡರೆ, ಅವರು ಬಿದ್ದು ಬಿದ್ದು ನಕ್ಕರು. "ಇದು ನಮ್ಮ ಬೈಬಲ್ ಶುರುವಿನ ಕಥೆ ಅಲ್ವೇನ್ರೀ!" ಅವರು ಹೇಳಿದ ಕಥೆ ಇಷ್ಟು: ಎಲ್ಲ ಮರದ ಹಣ್ಣೂ ತಿನ್ನಿ, ಒಳಿತು ಕೆಡುಕಿನ ಅರಿವಿನ ಮರವೊಂದನ್ನು ಬಿಡಿ ಎಂದು ದೇವರು ಹೇಳಿದ್ದ. ಆದಾಮ, ಹವ್ವ ತಿಂದರು. ಬೆತ್ತಲೆ ಎಂದು ಅರಿವಾಗಿ ಅಡಗಿದರು. "ಬೆತ್ತಲೆ ಅಂತ ನಿನಗೆ ಹೇಳಿದವರ್ಯಾರು?" ಎಂದು ದೇವರು ಕೇಳಿದ. ಸಿಕ್ಕಿಬಿದ್ದ ಆದಾಮ ಹೆಂಡತಿಯ ಕಡೆ ಕೈ ತೋರಿಸಿದ. (ಪರವಾಗಿಲ್ಲ, ನಮ್ಮದು ಹಳೇ ಮನೆತನ.)

"ಅದು ಸೇಬಿನ ಮರ ತಾನೇ ಟೀಚರ್?"

"ಸೇಬು ಅಂತ ಎಲ್ಲೂ ಬರೆದಿಲ್ಲ ರೀ. ನಿಮ್ಮ ಹುಳಿ ಮಾವೇ ಇರಬಹುದು."

"ನಾಲ್ಕು ಕಂಬ ನೆಟ್ಟು ತಂತಿ ಬೇಲಿ ಹಾಕಿಸಬಾರದಿತ್ತಾ ಆ ದೇವರು?"

"ಬೇಲಿ ಹಾಕಿದ ಮೇಲೆ ನಂಬಿಕೆಗೇನು ಕೆಲಸ?"

ಪಂಡಿತರು ಆ ಮರಕ್ಕೆ ಆಸೆ, ಅಹಂಕಾರ, ಜ್ಞಾನ ಎಂದು ಏನೇನೋ ಅರ್ಥ ಹೇಳುತ್ತಾರಂತೆ. ನನ್ನದು ವ್ಯಾಪಾರಿ ಅರ್ಥ: ತೋಟ ನಿನ್ನ ಸ್ವಂತದ್ದಲ್ಲ, ನಂಬಿ ಕೊಟ್ಟದ್ದು ಎಂದು ನೆನಪಿಸಲು ನಿಲ್ಲಿಸಿದ ಮರ ಅದು. ನಿಮ್ಮ ಮನೆಯಲ್ಲೂ ಇದೆ, ಹುಡುಕಿ. ಲಾಕ್ ಹಾಕದೆ ಮಗಳು ಟೇಬಲ್ ಮೇಲೆ ಬಿಟ್ಟು ಹೋಗುವ ಮೊಬೈಲ್ ಮತ್ತೇನು?

ಆದ್ದರಿಂದ ಅನುಭವಸ್ಥನ ಮಾತು ಕೇಳಿ. ಯಾರಾದರೂ "ಅದೊಂದು ಬಿಡು" ಎಂದರೆ, ರೇಟು ಕೇಳದೆ ಬಿಡಿ. ತಡೆಯಲಾರದೆ ತಿಂದಿರೋ, ತಿಂದೆ ಅನ್ನಿ. ದೋಟಿ ಕೊಟ್ಟವರ ಹೆಸರು ಮಾತ್ರ ಎತ್ತಬೇಡಿ. ನಾಳೆ ನಿಮ್ಮ ತಲೆ ಮೇಲೆ ಬುಟ್ಟಿ ಹೊರಿಸುವವರು ಅವರೇ ಆಗಿರಬಹುದು.