ಕುರಿ ಕಲಮಿನ ಸೊನ್ನೆ

ಲೆಕ್ಕ ಕೂಡುವುದರಲ್ಲಿ ನನ್ನನ್ನು ಮೀರಿಸುವ ಗುಮಾಸ್ತ ಎಪ್ಪತ್ತರ ದಶಕದ ಹೊಸದುರ್ಗದಲ್ಲಿ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ನೋಡಿದವರಲ್ಲಿ ಹೆಚ್ಚಿನವರು ಈಗಿಲ್ಲ, ಇರುವವರು ಹೊಟ್ಟೆಕಿಚ್ಚಿನವರು. ಅಂಕಿ ತುಂಬಿದ ಉದ್ದನೆಯ ಕಲಮಿನ ಮೇಲೆ ಬೆರಳು ಇಟ್ಟು ಕೆಳಕ್ಕೆ ಎಳೆದರೆ, ಬೆರಳು ತಳ ಮುಟ್ಟುವಷ್ಟರಲ್ಲಿ ಮೊತ್ತ ಬಾಯಿಗೆ ಬಂದಿರುತ್ತಿತ್ತು. ಉಳಿದ ಹೊತ್ತೆಲ್ಲ ಕೀಟಲೆಗೆ ಮೀಸಲು. ಒಮ್ಮೆ ನಮ್ಮ ಹೆಡ್ ಗುಮಾಸ್ತರ ಕೊಡೆಯೊಳಗೆ ಮಂಡಕ್ಕಿ ತುಂಬಿ ಮಡಿಸಿಟ್ಟಿದ್ದೆ. ಮಳೆ ಬಂದ ದಿನ ಅವರು ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಬಿಚ್ಚಿ, ಮದುವೆ ಗಂಡಿನ ಹಾಗೆ ತಲೆ ಮೇಲೆ ಅಕ್ಷತೆ ಸುರಿಸಿಕೊಂಡು ನಿಂತರು. ಅವರೂ ನಕ್ಕರು. ಇಡೀ ಊರು ನನ್ನನ್ನು ಸಹಿಸಿಕೊಂಡಿತ್ತು. ಸಹಿಸಿಕೊಳ್ಳುವ ಊರಿನಲ್ಲಿ ಬೆಳೆದವನಿಗೆ ಎಲ್ಲಿ ನಿಲ್ಲಬೇಕು ಎಂದು ತಿಳಿಯುವುದು ತಡ.

ಒಂದು ವರ್ಷ ನಮ್ಮ ಕಚೇರಿಗೆ ಜಾನುವಾರು ಲೆಕ್ಕ ಬಂತು. ಹಳ್ಳಿಹಳ್ಳಿಯ ಮೇಷ್ಟ್ರುಗಳು ಮನೆಮನೆಗೆ ಹೋಗಿ ದನ, ಎಮ್ಮೆ, ಕುರಿ, ಮೇಕೆ ಎಷ್ಟೆಷ್ಟು ಎಂದು ಫಾರಂ ತುಂಬಿ ಕಳಿಸುತ್ತಿದ್ದರು. ಅದನ್ನೆಲ್ಲ ಹಳ್ಳಿಗೊಂದು ಸಾಲಿನಂತೆ ದೊಡ್ಡ ಹಾಳೆಗೆ ಇಳಿಸಿ, ಪ್ರತಿ ಸಾಲಿನ ಕೊನೆಗೆ ಒಟ್ಟು ಹಾಕಿ, ಚಿತ್ರದುರ್ಗಕ್ಕೆ ಕಳಿಸುವುದು ನನ್ನ ಕೆಲಸ. ಆ ದೊಡ್ಡ ಹಾಳೆಗೆ ನಾವು ಗೋಷ್ವಾರೆ ಅನ್ನುತ್ತಿದ್ದೆವು. ಈ ಲೆಕ್ಕದ ಮೇಲೆ ಮುಂದೆ ಕುರಿಗಳಿಗೆ ಕರುಳು ಬೇನೆಯ ಸೂಜಿಮದ್ದು ಹಂಚುತ್ತಾರೆ ಎಂದು ಸುತ್ತೋಲೆಯಲ್ಲಿ ಬರೆದಿತ್ತು. ಸುತ್ತೋಲೆ ಪೂರ್ತಿ ಓದುವ ಜಾಯಮಾನ ನನ್ನದಲ್ಲ.

ಶ್ರೀರಾಂಪುರದ ಕಡೆಯ ಫಾರಂಗಳು ತುಂಬಿಕೊಂಡು ಬಂದವು. ಮತ್ತೋಡಿನ ಕಡೆಯ ಕುರಿ ಹಟ್ಟಿಯೊಂದರದು ಮಾತ್ರ ಹಾಗಲ್ಲ. ದನದ ಕಲಮಿನಲ್ಲಿ ಅಂಕಿ ಇತ್ತು, ಮೇಕೆಯದರಲ್ಲೂ ಇತ್ತು, ಕುರಿಯ ಕಲಂ ಉದ್ದಕ್ಕೂ ಖಾಲಿ. ಅಂಚಿನಲ್ಲಿ ಮೇಷ್ಟ್ರು ಸಣ್ಣ ಅಕ್ಷರದಲ್ಲಿ ಷರಾ ಬರೆದಿದ್ದರು: ಕುರಿಗಳು ಇವೆ, ಎಷ್ಟೆಂದು ಹೇಳುವುದಿಲ್ಲ.

ನನಗೆ ಇದು ಒಗಟಲ್ಲ. ಅದು ನಮ್ಮ ಅಕ್ಕನನ್ನು ಕೊಟ್ಟ ಹಟ್ಟಿ. ಕುರಿಯನ್ನು ಎಣಿಸಿ ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಗಲುತ್ತದೆ, ಕುರಿ ಕೂಡುವ ರೊಪ್ಪಕ್ಕೆ ಕೇಡು ಎಂದು ಅಲ್ಲಿನವರ ನಂಬಿಕೆ. ನಾನೇ ಹಬ್ಬಕ್ಕೆ ಹೋದಾಗ ಭಾವನನ್ನು ಕೆಣಕುತ್ತಿದ್ದೆ.

“ಭಾವ, ಎಷ್ಟು ಕುರಿ ಅವೆ ನಿಮ್ಮವು?”

“ದ್ಯಾವ್ರು ಕೊಟ್ಟಷ್ಟು ಅವೆ.”

“ದ್ಯಾವ್ರು ಎಷ್ಟು ಕೊಟ್ಟವ್ನೆ?”

“ನೀನೇನು ದ್ಯಾವ್ರಿಗೆ ಗುಮಾಸ್ತನಾ? ಮುದ್ದೆ ಉಣ್ಣು, ಆರ್ತೈತೆ.”

ಇಷ್ಟೇ. ಹೊತ್ತು ಮುಳುಗುವಾಗ ಭಾವ ರೊಪ್ಪದ ಬಾಯಲ್ಲಿ ನಿಂತು ಒಂದೊಂದನ್ನೇ ಕಣ್ಣಲ್ಲಿ ಸವರಿ ಒಳಗೆ ಬಿಡುತ್ತಿದ್ದ. ಸಂಖ್ಯೆ ಮಾತ್ರ ಅವನ ಬಾಯಿಂದ ಯಾರೂ ಕೇಳಿದವರಿಲ್ಲ.

ಕಚೇರಿಯಲ್ಲಿ ಹಾಳೆಯ ಖಾಲಿ ಮನೆಗಳ ಬಗ್ಗೆ ಹೆಡ್ ಗುಮಾಸ್ತರದು ಒಂದು ಹಟವಿತ್ತು. “ಸಾಲಲ್ಲಿ ಒಂದು ಮನೆ ಖಾಲಿ ಇದ್ರೆ ಒಟ್ಟಿನ ಮನೇನೂ ಖಾಲಿ ಬಿಡಪ್ಪ. ಗೊತ್ತಿಲ್ದೇ ಇರೋದನ್ನ ಗೊತ್ತಿರೋದ್ರ ಜೊತೆ ಕೂಡಿದ್ರೆ ಬರೋದೂ ಗೊತ್ತಿಲ್ದೇ ಇರೋದೇ.”

“ಹಂಗಾದ್ರೆ ಸಾರ್, ಹಟ್ಟಿ ಖಾಲಿ ಅಂತ ಹೋಬಳಿ ಖಾಲಿ, ಹೋಬಳಿ ಖಾಲಿ ಅಂತ ತಾಲ್ಲೂಕು ಖಾಲಿ. ಒಂದ್ ಹಟ್ಟಿ ಬಾಯಿ ಬಿಡ್ಲಿಲ್ಲ ಅಂತ ಜಿಲ್ಲೇನೇ ಖಾಲಿ ಮಾಡ್ಬಿಡಾಣ ಬಿಡ್ರಿ.”

“ಲೇ, ಖಾಲಿ ಕಂಡ್ರೆ ಮೇಲಿನೋರು ಯಾಕೆ ಅಂತ ಕೇಳ್ತಾರೆ. ಕೇಳ್ಲಿ ಅಂತಾನೇ ಬಿಡೋದು. ಆ ಹಟ್ಟಿಗೆ ಇನ್ನೊಂದ್ಸಲ ಹೋಗ್ಬಾ. ನಿಮ್ಮಕ್ಕನ ಮನೆ ಅಲ್ವೇನೋ?”

ನಾನು ಹೋಗಲಿಲ್ಲ. ಹೋಗಬೇಕಾದರೆ ಮತ್ತೋಡಿನ ಬಸ್ಸಿಳಿದು ಬಿಸಿಲಲ್ಲಿ ನಡೆಯಬೇಕು, ನಡೆದರೂ ಭಾವ ಮುದ್ದೆ ತೋರಿಸುತ್ತಾನೆಯೇ ಹೊರತು ಲೆಕ್ಕ ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಹಿರಿಯೂರಿನ ಗುಮಾಸ್ತ. ಅವನೂ ನಾನೂ ಇಂಥ ಲೆಕ್ಕ ಬಂದಾಗಲೆಲ್ಲ ಪೈಪೋಟಿಗೆ ಬೀಳುತ್ತಿದ್ದೆವು. ಹೊಳಲ್ಕೆರೆಯವನು ನಿಧಾನಸ್ಥ, ಅವನನ್ನು ನಾವು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹಿರಿಯೂರಿನವನು ಇನ್ನೇನು ಮುಗಿಸಿದ ಎಂದು ಸುದ್ದಿ ಬಂದ ದಿನ, ಹೆಡ್ ಗುಮಾಸ್ತರು ಊಟಕ್ಕೆ ಹೋದಾಗ, ನಾನು ಪೆನ್ನು ತೆಗೆದು ಹಟ್ಟಿಯ ಕುರಿ ಕಲಮಿನಲ್ಲಿ ದುಂಡಗೆ ಒಂದು ಸೊನ್ನೆ ಬರೆದೆ. ಏನೂ ಬರೆದಿಲ್ಲ ಎಂದರೆ ಏನೂ ಇಲ್ಲ ಎಂದೇ ಇಟ್ಟುಕೊಂಡರೆ ಸರಿ. ಸೊನ್ನೆ ಬಿದ್ದ ತಕ್ಷಣ ಸಾಲು ಕೂಡಿತು, ಹೋಬಳಿ ಕೂಡಿತು, ತಾಲ್ಲೂಕು ಕೂಡಿತು. ಬೀಗಕ್ಕೆ ಕೀಲಿಕೈ ಸಿಕ್ಕ ಹಾಗೆ. ಗೋಷ್ವಾರೆಯಲ್ಲಿ ಷರಾಕ್ಕೆ ಜಾಗವಿರಲಿಲ್ಲ, ಹಾಗಾಗಿ ಮೇಷ್ಟ್ರ ಮಾತು ಹಳೇ ಫಾರಮಿನಲ್ಲೇ ಉಳಿಯಿತು. ಹೆಡ್ ಗುಮಾಸ್ತರು ಬಂದು, “ಹಟ್ಟಿಗೆ ಹೋಗಿದ್ಯೇನೋ?” ಅಂದರು. “ಆಯ್ತು ಸಾರ್” ಅಂದೆ. ಹೋಗಿದ್ದೆ ಎಂದು ನಾನು ಹೇಳಲಿಲ್ಲವಲ್ಲ ಎಂದು ಒಳಗೊಳಗೇ ಮೀಸೆ ತಿರುವಿಕೊಂಡೆ.

ಸಂಜೆ ಟೀ ಅಂಗಡಿಯಲ್ಲಿ ಅದೇ ಕಥೆ. “ಒಂದು ರೊಪ್ಪದ ಕುರೀನೆಲ್ಲ ಒಂದೇ ಗುಟುಕಿಗೆ ನುಂಗ್ದೆ ಕಣ್ರೋ. ಮೂಳೆ ಕೂಡ ಉಳಿಸ್ಲಿಲ್ಲ.” ಎಲ್ಲರೂ ನಕ್ಕರು. ಭಾವನಿಗೆ ಇನ್ನೊಂದು ಹಬ್ಬದಲ್ಲಿ ಇದನ್ನು ಹೇಳಿ ಉರಿಸಬೇಕು ಎಂದು ಮಾತನ್ನು ಜೋಡಿಸಿಯೂ ಇಟ್ಟುಕೊಂಡೆ: ‘ಹೇಳಲ್ಲ ಅಂದ್ಯಲ್ಲ, ಸರ್ಕಾರ ನಿನ್ ಕುರೀನೇ ತೆಗೆದುಹಾಕ್ತು ನೋಡು.’ ಚಿತ್ರದುರ್ಗಕ್ಕೆ ಗೋಷ್ವಾರೆ ಒಯ್ದಾಗ ಅಲ್ಲಿನ ಸಾಹೇಬರು, “ಜಿಲ್ಲೆಗೇ ಮೊದಲು ಹೊಸದುರ್ಗ” ಎಂದು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ಆ ಬೆನ್ನನ್ನು ನಾನು ತಿಂಗಳುಗಟ್ಟಲೆ ನೆಟ್ಟಗೆ ಹೊತ್ತು ತಿರುಗಿದೆ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ. ಕಚೇರಿಯ ಹೊಸ್ತಿಲಲ್ಲಿ ಗದ್ದಲ. ತಲೆ ಎತ್ತಿದರೆ ನಮ್ಮಕ್ಕ. ಹಿಂದೆ ಹಗ್ಗದ ತುದಿಯಲ್ಲಿ ಕಿವಿ ಬಿಳಿ, ಮೈ ಕರಿ ಇರುವ ಒಂದು ಕುರಿ. ಜವಾನ, “ಅಮ್ಮಾ, ಕುರಿ ಹೊರಗೆ ಕಟ್ರಿ” ಎನ್ನುತ್ತಿದ್ದ. ಅಕ್ಕ ಅವನ ಕಡೆ ನೋಡಲಿಲ್ಲ. ನೇರ ಬಂದು ಹಗ್ಗವನ್ನು ನನ್ನ ಮೇಜಿನ ಕಾಲಿಗೆ ಕಟ್ಟಿದಳು.

“ಏನಪ್ಪ ಗುಮಾಸ್ತ, ಇದೇನು ಹೇಳು.”

“ಏನಕ್ಕ ಇದು? ಬಾ, ಹೊರಗೆ ಹೋಗಾಣ.”

“ಹೊರಗೆ ಬ್ಯಾಡ. ಇದೇನು?”

“ಕುರಿ.”

“ಹೌದಾ? ನಿಂಗೆ ಕಾಣ್ತೈತಾ? ಸೂಜಿ ಹಾಕೋ ಕಾಂಪೌಂಡರಿಗೆ ಕಾಣ್ಲಿಲ್ಲ ನೋಡು. ಆಚೆ ಹಟ್ಟೀಗೆ ಹಾಕಿದ್ರು, ಈಚೆ ಹಟ್ಟೀಗೆ ಹಾಕಿದ್ರು. ನಮ್ ಹಟ್ಟೀಗೆ ಮದ್ದು ಕೊಟ್ಟಿಲ್ಲ ಅಂದ್ರು. ಯಾಕ್ರಪ್ಪ ಅಂದ್ರೆ, ಮ್ಯಾಲಿನ ಕಾಗದ್ದಾಗೆ ನಿಮ್ಮಲ್ಲಿ ಕುರೀನೇ ಇಲ್ಲ ಅಂತ ಬರ್ದೈತೆ ಅಂದ್ರು.” ಅಕ್ಕ ಸೊಂಟದ ಸಂಚಿಯಿಂದ ಒಂದು ಚೀಟಿ ತೆಗೆದಳು. ಬಸ್ ಟಿಕೆಟ್. “ಇಗಾ, ಕಂಡಕ್ಟ್ರು ಇದ್ಕೂ ಟಿಕೀಟು ಹರಿದವ್ನೆ. ಬಸ್ಸಿನೋನು ಐತೆ ಅಂತಾನೆ, ನೀನು ಇಲ್ಲ ಅಂತೀಯ. ಯಾರ್ದಪ್ಪ ಖರೆ?”

ಇಡೀ ಕಚೇರಿ ಬಿದ್ದು ಬಿದ್ದು ನಕ್ಕಿತು. ನಾನೂ ನಗಲು ನೋಡಿದೆ. ಬೇರೆಯವರ ಮೇಲೆ ಇಂಥದ್ದು ನಡೆದಿದ್ದರೆ ಟೀ ಅಂಗಡಿಯಲ್ಲಿ ವರ್ಷಗಟ್ಟಲೆ ಬಡಿಸುತ್ತಿದ್ದೆ. ಅಷ್ಟರಲ್ಲಿ ಅಕ್ಕ ದನಿ ತಗ್ಗಿಸಿದಳು. “ಹೊಸ ಹುಲ್ಲು ಎದ್ದೈತೆ ಕಣೋ. ನಿನ್ನೆ ಚೆನ್ನಾಗಿ ಮೇದ್ಕಂಡ್ ಬಂದವು ಬೆಳಿಗ್ಗೆ ಕಾಲು ಚಾಚಿದ್ವು. ನಿಮ್ ಭಾವ ರೊಪ್ಪ ಬಿಟ್ಟು ಕದಲ್ತಿಲ್ಲ.”

ನಗು ನಿಂತಿತು. ಕರುಳು ಬೇನೆ ಎಂದರೆ ಏನೆಂದು ಆ ಕಚೇರಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಳೆಗೆ ಚಿಗುರಿದ ಹುಲ್ಲು ತಿಂದ ಕುರಿ ಇದ್ದಕ್ಕಿದ್ದಂತೆ ಬೀಳುತ್ತದೆ, ಬಿದ್ದದ್ದು ಏಳುವುದಿಲ್ಲ.

ಹೆಡ್ ಗುಮಾಸ್ತರು ಗೋಷ್ವಾರೆಯ ಪ್ರತಿ ತರಿಸಿ, ಕನ್ನಡಕ ಏರಿಸಿ, ಸೊನ್ನೆಯ ಮೇಲೆ ಬೆರಳಿಟ್ಟರು. ಬಯ್ಯುತ್ತಾರೆ ಎಂದು ಕಾದೆ. ಬಯ್ದಿದ್ದರೆ ಒಂದು ಕುಹಕವಾದರೂ ಆಡಬಹುದಿತ್ತು.

“ಖಾಲಿ ಬಿಟ್ಟಿದ್ರೆ ಚಿತ್ರದುರ್ಗದೋರು ಅಕ್ಕಪಕ್ಕದ ಹಟ್ಟಿ ನೋಡಿ ಒಂದಂದಾಜು ಮದ್ದು ಕೊಡ್ತಿದ್ರು” ಅಂದರು. “ನೀನು ಸೊನ್ನೆ ಹಾಕಿದೀಯ. ಸೊನ್ನೆ ಅಂದ್ರೆ ಗೊತ್ತಿಲ್ಲ ಅಂತಲ್ಲ. ಹೋಗಿ ನೋಡ್ದೆ, ಒಂದೂ ಇಲ್ಲ ಅಂತ. ಸಾಕ್ಷಿ ಹೇಳ್ದಂಗೆ.” ಆಮೇಲೆ ಅಕ್ಕನ ಕಡೆ ತಿರುಗಿ, “ಕುಂತ್ಕಳ್ರಮ್ಮ, ಟೀ ಕುಡೀರಿ” ಎಂದು ಅವರೇ ಕುರ್ಚಿ ಎಳೆದುಕೊಟ್ಟರು.

ಮದ್ದು ತರಲು ನಾನೇ ಹೊರಟೆ. ಅಕ್ಕ ಬಸ್ ಸ್ಟ್ಯಾಂಡಿನ ತನಕ ಬಂದಳು, ಕುರಿಯೂ ಬಂತು. ಚಿತ್ರದುರ್ಗದ ಬಸ್ಸು ಹತ್ತುವ ಮುಂಚೆ ಕೇಳಿದೆ, “ಅಕ್ಕ, ಅಲ್ಲಿ ಎಷ್ಟು ಕುರಿಗೆ ಮದ್ದು ಅಂತ ಕೇಳ್ತಾರೆ. ಈಗಾದ್ರೂ ಹೇಳೇ. ಕಿವೀಲಿ ಹೇಳು, ಯಾರಿಗೂ ಅನ್ನಲ್ಲ.”

ಅಕ್ಕ ನನ್ನನ್ನು ನೋಡಿದಳು. “ರೊಪ್ಪದಲ್ಲಿ ಸಾವು ಕುಂತೈತೆ, ಎಣಿಸಿ ಹೇಳು ಅಂತೀಯಲ್ಲೋ ತಮ್ಮ.”

ಚಿತ್ರದುರ್ಗದಲ್ಲಿ ಬಸ್ಸಿಳಿದಾಗ ಜೋಗಿಮಟ್ಟಿ ಬೆಟ್ಟದ ಮೇಲೆ ಮೋಡ ಕಟ್ಟಿತ್ತು. ಬೇರೆ ದಿನ ಆಗಿದ್ದರೆ ಹಿಗ್ಗುತ್ತಿದ್ದೆ. ಅವತ್ತು ಮೋಡ ಎಂದರೆ ಇನ್ನಷ್ಟು ಮಳೆ, ಮಳೆ ಎಂದರೆ ಇನ್ನಷ್ಟು ಹುಲ್ಲು. ಬೆನ್ನು ತಟ್ಟಿದ್ದ ಸಾಹೇಬರೇ ಸಿಕ್ಕರು. “ಬರ್ರಿ ಬರ್ರಿ, ಹೊಸದುರ್ಗದ ಹುಲಿ!” ಎಂದು ಎದ್ದು ಕರೆದರು. ಸುತ್ತ ಅದೇ ಜನ. ಹಿರಿಯೂರಿನವನೂ ಯಾವುದೋ ಕಾಗದ ಹಿಡಿದು ಬೆಂಚಿನ ಮೇಲೆ ಕುಂತಿದ್ದ. ಅವನ ಮುಂದೆ ನನ್ನ ಲೆಕ್ಕ ತಪ್ಪು ಎಂದು ಹೇಳುವುದಕ್ಕಿಂತ ಊರು ಬಿಡುವುದು ಸುಲಭ ಅನ್ನಿಸಿತು. ನಾಲಿಗೆಯ ತುದಿಗೆ ಸುಳ್ಳೊಂದು ಬಂದಿತ್ತು, ಒಳ್ಳೇ ಸುಳ್ಳೇ, ಕುರಿ ಕಾಯುವವರು ವಲಸೆಯಿಂದ ಈಗ ವಾಪಸು ಬಂದರು ಎಂದು. ಮೇಜಿನ ಕಾಲಿಗೆ ಕಟ್ಟಿದ ಹಗ್ಗ ಕಣ್ಣಿಗೆ ಕಟ್ಟಿತು. “ಸಾರ್, ಖಾಲಿ ಇದ್ದ ಕಡೆ ನಾನು ಸೊನ್ನೆ ಬರ್ದಿದ್ದೆ” ಅಂದೆ.

ಸಾಹೇಬರು ಕುಳಿತುಕೊಂಡರು. “ಎಷ್ಟು ಕುರಿಗೆ ಬೇಕು?”

“ಗೊತ್ತಿಲ್ಲ ಸಾರ್.”

“ಈಗಲೂ ಗೊತ್ತಿಲ್ವಾ?”

“ಅವರು ಹೇಳಲ್ಲ ಸಾರ್. ಅಕ್ಕಪಕ್ಕದ ಹಟ್ಟೀದು ನೋಡಿ ಅಂದಾಜು ಹಾಕ್ಕೊಡಿ.”

ಹೆಡ್ ಗುಮಾಸ್ತರ ಮಾತನ್ನೇ ನನ್ನದೆಂಬಂತೆ ಹೇಳುತ್ತಿದ್ದೆ. ಹಿರಿಯೂರಿನವನು ನಗುತ್ತಾನೆ ಎಂದು ಓರೆಗಣ್ಣಲ್ಲಿ ನೋಡಿದೆ. ಅವನು ಎದ್ದು ಬಂದು, “ಮದ್ದು ಕೆಡದಂಗಿಡೋಕೆ ಐಸು ಎಲ್ಲಿ ಸಿಗ್ತೈತೆ ಗೊತ್ತಾ? ಬಾ ತೋರಿಸ್ತೀನಿ” ಅಂದ. ಅಷ್ಟು ವರ್ಷ ನಾನು ಅವನಿಗೆ ಕೊಟ್ಟ ಕಾಟಕ್ಕೆ ಅವನು ಒಂದು ಸಲ ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು.

ಮದ್ದಿನ ಬಾಟಲಿಗಳನ್ನು ಐಸು, ಮರದ ಹೊಟ್ಟು ತುಂಬಿದ ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡೆ. ಹೊಳಲ್ಕೆರೆಯಲ್ಲಿ ಬಸ್ಸು ನಿಂತೇ ಇತ್ತು. ಡ್ರೈವರ್ ಇಡ್ಲಿ ತಿಂದು, ಎಲೆಯಡಿಕೆ ಹಾಕಿ, ಯಾರದೋ ಮನೆಯ ಮದುವೆ ಮಾತಾಡುತ್ತಿದ್ದ. ಡಬ್ಬಿಯಿಂದ ನೀರು ನನ್ನ ಪಂಚೆಗೆ ಇಳಿಯುತ್ತಿತ್ತು. ಪಕ್ಕದ ಮುದುಕಿ ನೋಡಿ, “ಏನಪ್ಪ, ಮಗೂನ ಕೂರಿಸ್ಕಂಡಂಗೆ ಆಗೈತಲ್ಲ” ಅಂದಳು. ಬೇರೆ ದಿನವಾಗಿದ್ದರೆ ಅವಳಿಗೆ ತಕ್ಕ ಉತ್ತರ ಕೊಡದೆ ಬಿಡುತ್ತಿರಲಿಲ್ಲ.

ಹೊಸದುರ್ಗದಲ್ಲಿ ಕಾಂಪೌಂಡರನ್ನು ಕರೆದುಕೊಂಡು ಹಟ್ಟಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಭಾವ ರೊಪ್ಪದ ಬಾಯಲ್ಲಿ ಕುಂತಿದ್ದ. ನನ್ನನ್ನು ನೋಡಿ ಬಾಗಿಲಿಗಿದ್ದ ಮುಳ್ಳಿನ ಪಡಿ ಸರಿಸಿದ. ಕುರಿಗಳನ್ನು ಒಂದೊಂದಾಗಿ ನಾನು ಅವುಚಿ ಹಿಡಿದೆ, ಕಾಂಪೌಂಡರು ಸೂಜಿ ಹಾಕಿದರು. ಕೈ ಅಭ್ಯಾಸಬಲದಿಂದ ಎಣಿಸಲು ಹೊರಟಿತು. ಮನಸ್ಸಿನಲ್ಲಿ ಅಂಕಿ ಏಳುತ್ತಿದ್ದಂತೆ ತಪ್ಪಿಸಿದೆ, ಮತ್ತೆ ಎದ್ದಿತು, ಮತ್ತೆ ತಪ್ಪಿಸಿದೆ. ನನ್ನಂಥ ಕೂಡುವವನಿಗೆ ಎಣಿಸದೆ ಇರುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಬಿಳಿ ಕಿವಿಯ ಕುರಿ ಬಂದಾಗ ಹಟ್ಟಿಯ ಹೆಂಗಸೊಬ್ಬಳು, “ಸೊನ್ನೆ ಬಂತು, ಸೊನ್ನೇಗೆ ಹಾಕ್ರಿ” ಎಂದಳು. ಎಲ್ಲರೂ ನಕ್ಕರು. ಭಾವ ನಗಲಿಲ್ಲ. ಮದ್ದು ಸಾಕಾಯಿತು, ಒಂದಿಷ್ಟು ಉಳಿಯಿತು ಕೂಡ. ಯಾಕೆ ಉಳಿಯಿತು ಎಂದು ರೊಪ್ಪದ ಹಿಂದೆ ಹೋದಾಗ ಕಂಡಿತು. ಅಲ್ಲಿ ಮಣ್ಣು ಹೊಸದಾಗಿ ಮೇಲೆ ಕೆಳಗಾಗಿ, ಅಗಲಕ್ಕೆ ಹಬ್ಬಿತ್ತು.

ಮುದ್ದೆ ಇಕ್ಕುವಾಗ ಅಕ್ಕನನ್ನು ಕೇಳಿದೆ, “ಎಷ್ಟು ಹೋದ್ವು ಅಕ್ಕ?”

“ಉಣ್ಣೋ.”

“ಹೇಳೇ. ನಾನು ತಿಳ್ಕಬೇಕು.”

“ಹೋಗಿದ್ನೂ ಎಣಿಸ್ಬಾರ್ದು ಕಣಪ್ಪ” ಅಂದಳು. ನನ್ನ ತಟ್ಟೆಗೆ ಸಾರು ಬಿಟ್ಟು, ಭಾವನ ಎದುರು ಹೋಗಿ ಕುಂತಳು. ಭಾವ ಅವತ್ತು ಉಣ್ಣಲಿಲ್ಲ.

ಮುಂದಿನ ತಿಂಗಳು ಕಚೇರಿಗೆ ಇನ್ನೊಂದು ಫಾರಂ ಬಂತು, ರೋಗದಿಂದ ಸತ್ತ ಕುರಿಗಳ ಲೆಕ್ಕ. ಎಲ್ಲ ಹಳ್ಳಿಯದೂ ಇಳಿಸಿದೆ. ಆ ಹಟ್ಟಿಯ ಸಾಲಿಗೆ ಬಂದಾಗ ಪೆನ್ನು ಎತ್ತಿ, ಮನೆ ಖಾಲಿ ಬಿಟ್ಟೆ. ಒಟ್ಟಿನ ಮನೆಯನ್ನೂ ಖಾಲಿ ಬಿಟ್ಟೆ. ಹೋಬಳಿ ನಿಂತಿತು, ತಾಲ್ಲೂಕು ನಿಂತಿತು. ಹೆಡ್ ಗುಮಾಸ್ತರು ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿ, ನನ್ನ ಮುಖ ನೋಡದೆ ರುಜು ಹಾಕಿದರು. ಯಾಕೆ ಖಾಲಿ ಎಂದು ಚಿತ್ರದುರ್ಗದಿಂದ ಕಾಗದ ಬಂತು. ಅದನ್ನು ಹಿಡಿದುಕೊಂಡು ನಾನು ಮತ್ತೋಡಿನ ಬಸ್ಸು ಹತ್ತಿದೆ.

ಆ ಸಲ ಮೊದಲು ಮುಗಿಸಿದವನು ಹಿರಿಯೂರಿನವನು. ಹೊಳಲ್ಕೆರೆಯವನೂ ನನ್ನನ್ನು ಹಿಂದೆ ಹಾಕಿದ.