ಕೂತಾಗಿನ ಅಳತೆ

ಐವತ್ತು ದಾಟಿದ ಮೇಲೆ ನನಗೆ ಕುದುರೆ ಹತ್ತುವ ಹುಚ್ಚು ಹಿಡಿಯಿತು ಎಂದು ಊರಿನವರು ಹೇಳುತ್ತಿದ್ದರು. ಹುಚ್ಚಲ್ಲ, ಹಟ. ಕುರುಗೋಡಿನ ನನ್ನ ತವರಿನಲ್ಲಿ ಅಪ್ಪನಿಗೆ ಒಂದು ಕುದುರೆ ಇತ್ತು. ಗುಡ್ಡದ ಬುಡದ ದಾರಿಯಲ್ಲಿ ಲಂಗವನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ಅದನ್ನು ಓಡಿಸಿದವಳು ನಾನು. ದೊಡ್ಡವಳಾದೆ ಎಂದು ಗೊತ್ತಾದ ದಿನವೇ ಅವ್ವ ಕೈಹಿಡಿದು ಕೆಳಗಿಳಿಸಿದಳು. ಅಪ್ಪ ನನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಆಮೇಲೆ ಮದುವೆ, ಮಕ್ಕಳು, ಅವರ ಮದುವೆ, ಬಾಣಂತನ. ಇಳಿದವಳು ಇಳಿದೇ ಉಳಿದೆ.

ಗಂಡನ ಮನೆ ಸಿರುಗುಪ್ಪದಿಂದಾಚೆ, ಕೆಂಚನಗುಡ್ಡದ ಕಡೆಗೆ, ಹೊಳೆಯಿಂದ ಹೆಚ್ಚು ದೂರವಿಲ್ಲದ ಒಂದು ಹಳ್ಳಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಊರಿಗೆ ಟ್ರ್ಯಾಕ್ಟರ್ ಬಂದಿತ್ತು, ಬುಲೆಟ್ ಮೋಟರ್‌ಸೈಕಲ್ ಬಂದಿತ್ತು. ಆದರೆ ಮಳೆ ಹಿಡಿದರೆ ನಮ್ಮ ಎರೆಮಣ್ಣು ಯಾವ ಗಾಲಿಯನ್ನೂ ಬಿಡುವುದಿಲ್ಲ. ಅಂಥ ದಿನಗಳಲ್ಲಿ ಕಾಲುವೆಯ ನೀರು ಗದ್ದೆಗೆ ಬಂತೋ ಇಲ್ಲವೋ ಎಂದು ನೋಡಿಬರಲು ನನ್ನ ಯಜಮಾನರು ಒಂದು ಕಂದು ಬಣ್ಣದ ಹೆಣ್ಣು ಕುದುರೆ ಸಾಕಿದ್ದರು. ನಾನು ಅದಕ್ಕೆ ಹುರುಳಿ ನೆನೆಸಿ ಹಾಕುತ್ತಿದ್ದೆ, ಮೈ ಉಜ್ಜುತ್ತಿದ್ದೆ. ಹತ್ತುತ್ತಿದ್ದವರು ಅವರು.

ಒಂದು ದಿನ ಯಜಮಾನರು ಬಿದ್ದು ಮೊಣಕಾಲು ಮುರಿದುಕೊಂಡರು. ಕುದುರೆಯ ಮೇಲಿಂದಲ್ಲ, ಬಚ್ಚಲಲ್ಲಿ ಜಾರಿ. ಇನ್ನು ಸವಾರಿ ಮರೆತುಬಿಡಿ ಎಂದು ಬಳ್ಳಾರಿಯ ಡಾಕ್ಟರು ಹೇಳಿ ಕಳಿಸಿದರು. ಕುದುರೆ ಕೊಟ್ಟಿಗೆಯಲ್ಲಿ ನಿಂತು ನಿಂತು ಕೊಬ್ಬಿತು, ಹತ್ತಿರ ಹೋದವರಿಗೆ ಹಲ್ಲು ತೋರಿಸಲು ಕಲಿಯಿತು. ಸುದ್ದಿ ಹೇಗೋ ಆದವಾನಿಯ ಒಬ್ಬ ದಲ್ಲಾಳಿಗೆ ಮುಟ್ಟಿ, ಮಾನವಮಿ ಕಳೆದ ಮೇಲೆ ಬಂದು ನೋಡುತ್ತೇನೆ ಎಂದು ಅವನು ಹೇಳಿ ಕಳಿಸಿದ.

ನಮ್ಮ ಮನೆಯಲ್ಲಿ ಹೊಲದ ಮಾತು ಗಂಡಸರದು, ಕೊಟ್ಟಿಗೆಯ ಮಾತು ಅತ್ತೆಯದು. ಯಾವ ಎಮ್ಮೆ ಇರಬೇಕು, ಯಾವ ಎತ್ತು ಹೋಗಬೇಕು ಎಂದು ಆಕೆ ಹೇಳಿದರೆ ಮುಗಿಯಿತು. ಎಂಬತ್ತರ ಹತ್ತಿರದ ವಯಸ್ಸು, ಕಣ್ಣಿಗೆ ಪೊರೆ ಬಂದು ಎಲ್ಲವೂ ಮಂಜು ಮಂಜು. ಕಿವಿ ಮಾತ್ರ ಬಲು ಚುರುಕು.

"ನಿಂತ ಕುದುರಿ ತಿಂದು ಕೆಡತೈತಿ. ಹತ್ತೋರಿಲ್ಲ ಅಂದಮ್ಯಾಲೆ ಕೊಟ್ಟುಬಿಡ್ರಿ" ಎಂದರು.

"ನಾ ಹತ್ತತೀನಿ, ಅತ್ತಿ" ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ನನಗೇ ಆಶ್ಚರ್ಯ.

ಯಜಮಾನರು ಓದುತ್ತಿದ್ದ ಪೇಪರನ್ನು ಕೆಳಗಿಳಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನೀನಾ? ಹತ್ತಾಕ ನಿಚ್ಚಣಿಕಿ ಬೇಕಾದೀತು."

ಅತ್ತೆ ನಗಲಿಲ್ಲ. "ಹತ್ತು, ಬ್ಯಾಡ ಅನ್ನಂಗಿಲ್ಲ. ಆದ್ರ ಅಗಸಿ ದಾಟಿ ಬರುವಾಗ ಮಂದಿ ಬಾಯಿಗೆ ಸೆರಗು ಹಿಡ್ಕೊಂಡು ನಗಬಾರದು. ನಕ್ರ, ಅವತ್ತ ಕುದುರಿ ಆದವಾನಿಗೆ."

ಅಗಸಿ ಎಂದರೆ ಊರ ಬಾಗಿಲು. ಹಗಲೆಲ್ಲ ಅಲ್ಲಿ ಕಟ್ಟೆಯ ಮೇಲೆ ಗಂಡಸರು, ನಲ್ಲಿಯ ಹತ್ತಿರ ಹೆಂಗಸರು. ನಗದೆ ಬಿಡುವ ಜನವೇ ಅವರು?

ಮೊದಲು ಸೀರೆಯಲ್ಲೇ ಆಗಲಿ ಎಂದು ನೋಡಿದೆ. ನಮ್ಮ ಗದ್ದೆಗೆ ಸಸಿ ನಾಟಲು ಬರುವ ಹೆಂಗಸರು ಕಚ್ಚೆ ಹಾಕಿ ಕೆಸರಿಗಿಳಿಯುತ್ತಾರೆ. ಅವರಲ್ಲೊಬ್ಬಳು ನನಗೆ ಗಟ್ಟಿಯಾಗಿ ಕಚ್ಚೆ ಕಟ್ಟಿಕೊಟ್ಟಳು. ಹಿತ್ತಲಿನ ಕಲ್ಲಿನ ಮೇಲೆ ನಿಂತು ಜೀನು ಹತ್ತಿದೆ. ಮೈ ಏನನ್ನೂ ಮರೆತಿರಲಿಲ್ಲ. ಲಗಾಮು ಕೈಗೆ ಬಂದ ಕೂಡಲೇ ಬೆನ್ನು ತಾನಾಗಿಯೇ ನೇರವಾಯಿತು. ಆ ಕ್ಷಣದ ಸಂತೋಷವನ್ನು ನಾನು ಈಗಲೂ ಯಾರಿಗೂ ಕೊಡಲಾರೆ. ಆದರೆ ಅಗಸಿಯ ಕಡೆ ಹೋಗದೆ ಹಿತ್ತಲಿನಿಂದಲೇ ಹೊಲದ ಕಡೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ತೊಡೆಯ ಸಂದಿಯಲ್ಲಿ ಸಿಕ್ಕ ಸೀರೆ ಹಗ್ಗದಂತೆ ಹುರಿಗೊಂಡು ಚರ್ಮ ಸುಲಿದುಹಾಕಿತ್ತು. ಹಿಂದೆ ಬಟ್ಟೆಯೆಲ್ಲ ಗುಪ್ಪೆಯಾಗಿ ಎದ್ದು ನಿಂತಿತ್ತು.

"ಹತ್ತಿ ಅಂಡಿಗಿ ಒಂದು ಕುದುರಿ ಮ್ಯಾಲೆ ಕುಂತು ಬಂದಂಗ ಕಂಡ್ತು" ಎಂದರು ಯಜಮಾನರು.

ಕೊಬ್ಬರಿಎಣ್ಣೆ ಹಚ್ಚಿಕೊಂಡು ಕವುಚಿ ಮಲಗಿ ಯೋಚಿಸಿದೆ. ನೋವಿಗಿಂತ ಹೆಚ್ಚು ಚುಚ್ಚಿದ್ದು ಅಂಡಿಗೆ, ಅಂದರೆ ಹತ್ತಿಯ ಮೂಟೆ, ಎಂಬ ಮಾತು. ನಿಜ ಹೇಳುತ್ತೇನೆ, ನನಗೆ ಚಂದ ಕಾಣಬೇಕಿತ್ತು. ಐವತ್ತಾದ ಮೇಲೆ ಹೆಂಗಸು ಹಾಗೆ ಬಾಯಿಬಿಟ್ಟು ಹೇಳುವಂತಿಲ್ಲ. ಮೈಮುಚ್ಚಿದರೆ ಸಾಕು ಎನ್ನಬೇಕು. ನನಗೆ ಸಾಕಾಗಿರಲಿಲ್ಲ. ಹೆತ್ತು ಅಗಲವಾದ ಸೊಂಟ, ಇಳಿದ ಹೊಟ್ಟೆ ಎಲ್ಲ ಇದ್ದದ್ದೇ. ಅವುಗಳನ್ನು ಇಟ್ಟುಕೊಂಡೇ ಕುದುರೆಯ ಮೇಲೆ ಸೊಗಸಾಗಿ ಕೂರಬೇಕಿತ್ತು.

ಬಳ್ಳಾರಿಗೆ ಹೋದೆ. ಕೌಲ್ ಬಜಾರಿನ ಒಂದು ಸಣ್ಣ ಗಲ್ಲಿಯಲ್ಲಿ ನಮ್ಮ ಯಜಮಾನರಿಗೆ ಸವಾರಿಯ ಪ್ಯಾಂಟು ಹೊಲಿಯುತ್ತಿದ್ದ ಸಾಬರ ಅಂಗಡಿ ಇತ್ತು. ತಾತನ ಕಾಲದಿಂದ ದಂಡಿನವರಿಗೆ, ಪೊಲೀಸರಿಗೆ ಹೊಲಿದ ಮನೆತನ. ನಮ್ಮ ಕಡೆ ಹೆಂಗಸರು ದರ್ಜಿಗೆ ಮೈಅಳತೆ ಕೊಡುತ್ತಿರಲಿಲ್ಲ. ಹಳೆಯ ಕುಪ್ಪಸ ಒಂದನ್ನು ಅಳತೆಗೆಂದು ಒಯ್ದು, ಇದರಂತೆ ಹೊಲಿ ಎಂದು ಇಟ್ಟು ಬರುವುದು. ನನಗೆ ಹಳೆಯ ಪ್ಯಾಂಟು ಎಲ್ಲಿಂದ ಬರಬೇಕು? ಯಜಮಾನರದನ್ನೇ ಗಂಟು ಕಟ್ಟಿಕೊಂಡು ಹೋಗಿದ್ದೆ.

"ಯಜಮಾನ್ರಿಗೇನ್ರಿ, ಅಮ್ಮಾರ?" ಸಾಬರು ಕೇಳಿದರು. ಬೆಂಚಿನ ಮೇಲೆ ಜನ ಕೂತಿದ್ದರು. ನಾನು "ಹೂಂ" ಎಂದುಬಿಟ್ಟೆ.

"ಇದ ಅಳತಿ ಏನ್ರಿ?"

"ಇದಕ್ಕಿಂತ ಸ್ವಲ್ಪ ಸಡ್ಲ ಇರಲಿ. ಅವರು ಈಗ ದಪ್ಪ ಆಗ್ಯಾರ."

ಸಾಬರು ಎಲ್ಲ ಅರ್ಥವಾದವರಂತೆ ತಲೆದೂಗಿದರು. "ವಯಸ್ಸಾದ್ಮ್ಯಾಲೆ ಎಲ್ಲಾರ್ದೂ ಅಷ್ಟ ಬಿಡ್ರಿ. ನಾ ನೋಡಿ ಹೊಲೀತೀನಿ."

ನೋಡಿಯೇ ಹೊಲಿದಿದ್ದರು, ಪಾಪ. ಗಂಡಸು ದಪ್ಪವಾದರೆ ಎಲ್ಲಿ ದಪ್ಪವಾಗುತ್ತಾನೆ? ಹೊಟ್ಟೆಯಲ್ಲಿ. ಸಡಿಲವನ್ನೆಲ್ಲ ಅವರು ಮುಂದೆ, ಹೊಟ್ಟೆಯ ಹತ್ತಿರ ಕೊಟ್ಟಿದ್ದರು. ಹಿಂದೆ ನನ್ನ ಯಜಮಾನರ ಬಡಕಲು ಕುಂಡಿಯ ಅಳತೆಯೇ ಉಳಿದಿತ್ತು. ಹಾಕಿಕೊಂಡರೆ ಮುಂದೆ ಜೋಳಿಗೆ ಜೋತಂತೆ, ಹಿಂದೆ ಉಸಿರು ಕಟ್ಟಿದಂತೆ. ಆದರೂ ಅಂಗಳದಲ್ಲಿ ಕುದುರೆ ನಿಲ್ಲಿಸಿ ಜೀನಿನಿಂದ ಜೋತ ರಿಕಾಪಿಗೆ ಎಡಗಾಲಿಟ್ಟೆ, ಬಲಗಾಲು ಎತ್ತಿದೆ. ಚರ್ರ್ ಎಂದಿತು.

"ಏನದು ಹರದದ್ದು?" ಪಡಸಾಲೆಯಿಂದ ಅತ್ತೆ ಕೇಳಿದರು.

ಯಜಮಾನರು ಕೆಟ್ಟ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನಾನು ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆಯುತ್ತ ಒಳಗೆ ಹೋದೆ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಪ್ಯಾಂಟನ್ನು ಒಲೆಗೆ ಹಾಕಬೇಕೆಂದಿದ್ದೆ.

"ನಗ್ಯಾಡಿದ್ರು ಅಂದ್ರ ಕುದುರಿ ಹೋತು" ಎಂದರು ಅತ್ತೆ.

ಆಗ ಯಜಮಾನರು ನಗು ತಡೆದುಕೊಂಡು ಹೇಳಿದ ಮಾತಿಗೆ ಅವರ ಅಂಡಿಗೆಯ ಮಾತನ್ನು ಕ್ಷಮಿಸಿದೆ. "ಅಗಸಿ ಇನ್ನಾ ದಾಟಿಲ್ಲ ಯವ್ವಾ. ಮನಿಯೊಳಗಿನ ನಗಿ ಲೆಕ್ಕಕ್ಕ ಬರಂಗಿಲ್ಲ." ಆಮೇಲೆ ಒಳಗೆ ಕುಂಟುತ್ತ ಬಂದು ಮೆಲ್ಲಗೆ ಅಂದರು, "ಮತ್ತೊಮ್ಮೆ ಹೋಗು. ಈ ಸಲ ಯಾರಿಗೆ ಅಂತ ಖರೇ ಹೇಳು."

ಮತ್ತೆ ಹೋದೆ. ಬೆಂಚಿನ ಮೇಲೆ ಈ ಸಲವೂ ಜನ. ರೂಪನಗುಡಿಯ ಕಡೆಯ ಒಬ್ಬ ರೈತರು ಅಂಗಿಗಾಗಿ ಕಾಯುತ್ತಿದ್ದರು. ಹರಿದ ಪ್ಯಾಂಟನ್ನು ಮೇಜಿನ ಮೇಲೆ ಹರವಿ "ಸಾಬ್ರ, ಇದು ಅವರಿಗಲ್ಲ, ನನಗ" ಎಂದೆ. ಸಾಬರು ಕತ್ತರಿ ಕೆಳಗಿಟ್ಟರು. ಪ್ಯಾಂಟನ್ನು ನೋಡಿದರು, ನನ್ನ ಮುಖ ನೋಡಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಪರದೆ ಸರಿಸಿ ಹೆಂಡತಿಯನ್ನು ಕರೆದರು. "ಅಮ್ಮಾರ್ದು ಅಳತಿ ತಗೋ. ನೀ ಅಲ್ಲಿಂದ ಹೇಳು, ನಾ ಇಲ್ಲಿ ಬರಕೊಂತೀನಿ."

ಆಕೆ ನನ್ನನ್ನು ಪರದೆಯೊಳಗೆ ಕರೆದುಕೊಂಡು ಸೊಂಟಕ್ಕೆ ಟೇಪು ಸುತ್ತಿ ಅಂಗಡಿಯವರೆಗೆ ಕೇಳುವಂತೆ ಅಳತೆ ಕೂಗಿದಳು. "ಅವ್ವಾ ನಿನಗ ಕೈ ಮುಗೀತೀನಿ, ಉರ್ದುನಾಗ ಹೇಳು" ಎಂದೆ. ಕುಂಡಿಯ ಅಳತೆಯನ್ನು ಉರ್ದುವಿನಲ್ಲಿ ಕೂಗಿದಳು. ಬೆಂಚಿನ ಕಡೆಯಿಂದ ಯಾರೋ ಕೆಮ್ಮಿದರು. ತೊಡೆಯದನ್ನು ತೆಲುಗಿನಲ್ಲಿ ಹೇಳಿ ನೋಡಿದಳು. ರೂಪನಗುಡಿಯವರ ಗಂಟಲು ಕೂಡ ಕೆಟ್ಟಿತು. ಬಳ್ಳಾರಿಯಲ್ಲಿ ಹೆಂಗಸಿನ ಗುಟ್ಟು ಕಾಯಲು ಒಂದು ಭಾಷೆಯೂ ಉಳಿದಿಲ್ಲ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಕೆಗೆ ಮೊದಲು ನಗು ಬಂತು, ಆಮೇಲೆ ನನಗೆ. ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಆಕೆ ಟೇಪು ಬಿಸಾಡಿ, ಉದ್ದನೆಯ ದಾರ ತಂದು, ಒಂದೊಂದು ಅಳತೆಗೂ ಒಂದೊಂದು ಗಂಟು ಹಾಕಿದಳು. ಅಂಗಡಿಯಲ್ಲಿ ಇನ್ನು ಯಾರೂ ಕೆಮ್ಮಲಿಲ್ಲ.

"ನಿಂತಾಗ ಏನೂ ಆಗಂಗಿಲ್ಲ, ಕೂತಾಗ ಹರೀತೈತಿ" ಎಂದೆ.

"ಹೆಂಗ ಕೂಡ್ತೀರಿ ತೋರಸ್ರಿ, ಅಕ್ಕಾ."

ಅಲ್ಲಿ ಕುದುರೆ ಎಲ್ಲಿತ್ತು? ಗೋಡೆಗೆ ಒರಗಿಸಿದ್ದ ದೊಡ್ಡ ಲೋಡನ್ನು ಆಕೆ ಎರಡು ಸ್ಟೂಲುಗಳ ಮೇಲೆ ಅಡ್ಡ ಇಟ್ಟಳು. ನಾನು ಸೀರೆ ಎತ್ತಿ ಕಟ್ಟಿ ಅದರ ಮೇಲೆ ಕಾಲು ಹಾಕಿ ಕೂತು, ಇಲ್ಲದ ಲಗಾಮು ಹಿಡಿದೆ. ಆಕೆ ಸುತ್ತ ತಿರುಗಿ, ನಿಂತಾಗಿನ ದಾರವನ್ನು ಮತ್ತೆ ಹಿಡಿದು ನೋಡಿದಳು. ಕೂತ ಮೈಗೆ ಒಂದು ಗಂಟೂ ಸರಿಹೋಗಲಿಲ್ಲ. ಎಲ್ಲ ಬಿಚ್ಚಿ ಹೊಸದಾಗಿ ಹಾಕಿದಳು. ಒಳತೊಡೆಗೆ ಹೊಲಿಗೆ ಬರದಂತೆ, ಮೊಣಕಾಲಿಗೆ ಎರಡು ಪದರ ಬಟ್ಟೆ, ಲಾಡಿ ಬದಲು ಪಕ್ಕದಲ್ಲಿ ಗುಂಡಿ ಹಾಕಿ ಅಗಲವಾದ ಪಟ್ಟಿ ಎಂದು ಇಬ್ಬರೂ ಕೂಡಿ ಗೊತ್ತುಮಾಡಿದೆವು. ಮೇಲೆ ಒಂದು ಉದ್ದನೆಯ ಜುಬ್ಬ. ಕೂತಾಗ ಜೀನಿನ ಎರಡೂ ಕಡೆ ಇಳಿಬೀಳುವಂತೆ ಅದಕ್ಕೆ ಮುಂದೆ ಹಿಂದೆ ಸೀಳು. ಮುಚ್ಚಬೇಕಾದ್ದು ಮುಚ್ಚುತ್ತದೆ, ಸಿಕ್ಕಿಕೊಳ್ಳುವುದಿಲ್ಲ.

ಜುಬ್ಬಕ್ಕೆ ನಾನು ಬೂದಿ ಬಣ್ಣದ ಬಟ್ಟೆ ಆರಿಸಿದ್ದೆ. ಆಕೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬದನೆಕಾಯಿ ಬಣ್ಣದ್ದನ್ನು ಭುಜಕ್ಕೆ ಹಿಡಿದಳು. "ಬೂದಿ ಯಾಕಕ್ಕಾ? ನಿಮಗೇನಾಗೈತಿ?"

ಎಷ್ಟೋ ವರ್ಷಗಳಿಂದ ಯಾರೂ ನನಗೆ ಬಣ್ಣ ಹಿಡಿದು ನೋಡಿರಲಿಲ್ಲ.

ಬಟ್ಟೆ ಕೈಗೆ ಬಂದದ್ದು ಮಾನವಮಿ ಕಳೆದ ಮೇಲೆಯೇ. ಮರುದಿನ ಬೆಳಿಗ್ಗೆ ಹಾಕಿಕೊಂಡು, ತಲೆಗೆ ಯಜಮಾನರ ಬಿಳಿಯ ವಲ್ಲಿಯನ್ನು ರುಮಾಲಿನಂತೆ ಸುತ್ತಿ, ಹಿತ್ತಲ ಬಾಗಿಲಿಂದ ಹೊರಟೆ. ಕಾಲೆತ್ತಿದೆ, ಏನೂ ಹರಿಯಲಿಲ್ಲ. ಕಾಲುವೆಯ ಏರಿ ಹಿಡಿದು, ಕೆಂಚನಗುಡ್ಡದ ಹತ್ತಿರ ಹೊಳೆ ಕಾಣುವವರೆಗೆ ಹೋದೆ. ಎರಡೂ ಕಡೆ ಭತ್ತ ತೆನೆಗಟ್ಟಿತ್ತು. ಮೈಮೇಲೆ ಬಟ್ಟೆ ಇದೆ ಎಂಬುದೇ ಮರೆತುಹೋಯಿತು. ಏರಿಯ ಮೇಲೆ ಯಾರೂ ಇಲ್ಲದ್ದು ನೋಡಿ ಕುದುರೆಯನ್ನು ಓಡಿಸಿದೆ, ಜೋರಾಗಿ ಕೇಕೆ ಹಾಕಿದೆ. ಅಪ್ಪ ಇದ್ದಿದ್ದರೆ ಕೇಳಿಸುವಷ್ಟು ಜೋರಾಗಿ.

ವಾಪಸು ಬರುವಾಗ ಅತ್ತೆಯ ಮಾತಿನಂತೆ ಅಗಸಿಯಲ್ಲಿ ಹಾಯಲೇಬೇಕಿತ್ತು. ಕುದುರೆಯನ್ನು ನಡಿಗೆಗೆ ತಂದೆ. ಕಟ್ಟೆಯ ಮೇಲಿನವರು ಒಬ್ಬೊಬ್ಬರಾಗಿ ಕತ್ತು ತಿರುಗಿಸಿದರು. ನಲ್ಲಿಯ ಹತ್ತಿರ ಒಬ್ಬಳ ಕೈ ಸೆರಗಿನ ಕಡೆಗೆ ಹೋಯಿತು, ಸೆರಗು ಬಾಯಿಯ ಕಡೆಗೆ. ನನ್ನ ಕುದುರೆ ಹೋಯಿತು ಎಂದುಕೊಂಡೆ. ಅವಳು ಬಾಯಿ ಒರೆಸಿಕೊಂಡು ಕೇಳಿದಳು, "ಅಕ್ಕಾರ, ಈ ಅಂಗಿ ಎಲ್ಲಿ ಹೊಲಿಸಿದ್ರಿ?"

ಬಳ್ಳಾರಿ ಎಂದು ಹೇಳಿ ಮುಂದೆ ಬಂದೆ.

ಮನೆಯ ಮುಂದೆ ಆದವಾನಿಯ ದಲ್ಲಾಳಿ ಬಂದು ಕೂತಿದ್ದ. ನಾನು ಬಂದದ್ದನ್ನು ಕಣ್ಣುತುಂಬ ನೋಡಿದ. "ಕುದುರಿ ಹಲ್ಲು ತೋರಸತೈತಿ ಅಂತ ಹೇಳಿದ್ರು. ಹೆಣ್ಮಗಳ ಕೈಯಾಗ ಇಷ್ಟು ಸಾಧು ನಡೀತೈತಿ ಅಂದ್ರ ನಾ ಇವತ್ತ ಹೊಡಕೊಂಡು ಹೋಗಾಕ ತಯಾರದೀನಿ" ಎಂದ. ನನ್ನ ಸವಾರಿಯೇ ಅವನ ಆಸೆ ಹೆಚ್ಚಿಸಿತ್ತು! ಯಜಮಾನರು ನನ್ನ ಕಡೆ ನೋಡಿದರು, ಆಮೇಲೆ ಅತ್ತೆಯ ಕಡೆ. ಮಾತು ಅವರದಾಗಿತ್ತಲ್ಲ.

"ಅಗಸ್ಯಾಗ ಯಾರೂ ನಗಲಿಲ್ಲ, ಅತ್ತಿ" ಎಂದೆ ಇಳಿಯುತ್ತ.

"ಕೇಳಸ್ತು. ಇಲ್ಲಿ ಬಾ."

ಹತ್ತಿರ ಹೋದೆ. ಮಂಜುಗಣ್ಣಿನ ಮುದುಕಿ ಕೈ ಚಾಚಿ ಜುಬ್ಬದ ಅಂಚು ಹಿಡಿದು ಉಜ್ಜಿ ನೋಡಿದರು. ಗುಂಡಿ ಮುಟ್ಟಿದರು, ಮೊಣಕಾಲಿನ ಎರಡು ಪದರ ಚಿವುಟಿದರು. "ತಿರುಗು" ಎಂದರು. ದಲ್ಲಾಳಿ ನಾಚಿ ಬೇರೆ ಕಡೆ ನೋಡಿದ. ನಾನು ತಿರುಗಿ ನಿಂತೆ. ಹೆಣ್ಣು ನೋಡಲು ಬಂದಾಗ ಹೀಗೆಯೇ ಇದೇ ಅತ್ತೆಯ ಮುಂದೆ ತಿರುಗಿ ನಿಂತಿದ್ದು ನೆನಪಾಯಿತು. ಅಂದಿನಂತೆಯೇ ಬೆನ್ನ ಮೇಲಿಂದ ಒಮ್ಮೆ ಕೈಯಾಡಿಸಿದರು.

"ಬಣ್ಣ ಯಾವುದು?"

"ಬದನಿಕಾಯಿದು, ಅತ್ತಿ."

"ಇನ್ನೊಂದು ಹೊಲಿಸು" ಎಂದರು. "ಒಂದ ಐತಿ ಅಂದ್ರ, ಇದನ್ನ ಒಗದು ಹಾಕಿದ ದಿನ ಕುದುರಿ ಹೆಂಗ ಹತ್ತತಿ?" ಆಮೇಲೆ ದಲ್ಲಾಳಿಯ ಕಡೆ ಮುಖ ಮಾಡಿ, "ನೀ ಚಾ ಕುಡದು ಹೋಗಪಾ, ಬಿಸಲಾಗ ಬಂದೀದಿ" ಎಂದರು.